ಎರಡು ಮಿಲಿಮೀಟರ್ ಕರುಳು

ನಾನು ಬರೆಯುವ ಬಯಾಪ್ಸಿ ವರದಿಗಳ ಅಡಿಯಲ್ಲಿ ಮೇಲಿಂದ ಮೇಲೆ ಒಂದು ಸಾಲು ಬರುತ್ತದೆ. ರೋಗಿಯ ಲಕ್ಷಣಗಳನ್ನೂ ಉಳಿದ ಪರೀಕ್ಷೆಗಳನ್ನೂ ಜೊತೆಗಿಟ್ಟು ನೋಡಿ ಎಂದು ಚಿಕಿತ್ಸೆ ಕೊಡುವ ವೈದ್ಯರಿಗೆ ಹೇಳುವ ಸಾಲು ಅದು. ಪೆಥಾಲಜಿಯಲ್ಲಿ ಇಪ್ಪತ್ತಾರು ವರ್ಷ ಕಳೆದ ಮೇಲೆ ಅದನ್ನು ಬರೆಯಲು ನನ್ನ ಬೆರಳುಗಳು ನನ್ನ ಅಪ್ಪಣೆಯನ್ನೂ ಕೇಳುವುದಿಲ್ಲ. ಎರಡು ಅಕ್ಷರ ಒತ್ತಿದರೆ ಇಡೀ ಸಾಲು ತಾನಾಗಿ ಬಂದು ಕೂರುವಂತೆ ನಮ್ಮ ಲ್ಯಾಬಿನ ಹುಡುಗನೊಬ್ಬ ಕಂಪ್ಯೂಟರನ್ನು ಸಜ್ಜುಮಾಡಿಕೊಟ್ಟಿದ್ದಾನೆ. ಆ ಸಾಲಿನ ಮೇಲೆ ಬೆರಳಿಟ್ಟು ‘ಇದರ ಅರ್ಥವೇನು?’ ಎಂದು ನನ್ನನ್ನು ನೇರವಾಗಿ ಕೇಳಿದವರು ಇಷ್ಟು ವರ್ಷಗಳಲ್ಲಿ ಒಬ್ಬರೇ. ಸವಣೂರಿನ ಕಡೆಯ ಎಲೆಬಳ್ಳಿಯ ತೋಟದ ರೈತರು. ಅವರ ಗುರುತು ಸಿಗದಂತೆ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ, ಪ್ರಶ್ನೆಯನ್ನು ಬದಲಿಸಿಲ್ಲ.

ಅವರ ಮಗನಿಗೆ ಇಪ್ಪತ್ತಮೂರು ವರ್ಷ. ಎಂಟು ತಿಂಗಳಿಂದ ಬಲಗಡೆ ಕಿಬ್ಬೊಟ್ಟೆಯಲ್ಲಿ ನೋವು, ಸಂಜೆಯಾದರೆ ಸಣ್ಣ ಜ್ವರ, ಹನ್ನೊಂದು ಕಿಲೋ ತೂಕ ಇಳಿದಿತ್ತು. ಕರುಳಿನೊಳಗೆ ಕ್ಯಾಮೆರಾದ ನಳಿಕೆ ಇಳಿಸಿ ನೋಡುವ ಕೊಲೊನೊಸ್ಕೋಪಿ ಮಾಡಿದ ವೈದ್ಯರಿಗೆ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ತಿರುವಿನಲ್ಲಿ ಹುಣ್ಣುಗಳು ಕಂಡಿದ್ದವು. ನಮ್ಮ ದೇಶದಲ್ಲಿ ಆ ತಿರುವಿನಲ್ಲಿ ಹುಣ್ಣು ಕಂಡರೆ ಎರಡು ಹೆಸರುಗಳು ಒಟ್ಟಿಗೇ ನೆನಪಿಗೆ ಬರುತ್ತವೆ. ಒಂದು ಕರುಳಿನ ಕ್ಷಯ, ಇನ್ನೊಂದು ಕ್ರೋನ್ಸ್ ಕಾಯಿಲೆ. ಎರಡಕ್ಕೂ ಅದೇ ನೋವು, ಅದೇ ಜ್ವರ, ಅದೇ ತೂಕನಷ್ಟ. ಸ್ಕ್ಯಾನ್‌ನಲ್ಲಿ ಅದೇ ದಪ್ಪಗಾದ ಕರುಳಿನ ಗೋಡೆ. ಮೊದಲನೆಯದು ಬ್ಯಾಕ್ಟೀರಿಯಾದಿಂದ ಬರುವಂಥದ್ದು, ಆರು ತಿಂಗಳ ಮಾತ್ರೆಗೆ ಹೋಗುವಂಥದ್ದು. ಎರಡನೆಯದರಲ್ಲಿ ದೇಹದ ಕಾವಲು ವ್ಯವಸ್ಥೆ ತನ್ನದೇ ಕರುಳಿನ ಮೇಲೆ ತಿರುಗಿಬೀಳುತ್ತದೆ. ಅದು ಹತೋಟಿಗೆ ಬರಬಹುದು, ಪೂರ್ತಿ ಹೋಗುವುದಿಲ್ಲ. ಆ ಕಾವಲನ್ನು ತಗ್ಗಿಸಲೆಂದು ಎರಡನೆಯದಕ್ಕೆ ಕೊಡುವ ಸ್ಟೀರಾಯ್ಡನ್ನು ಮೊದಲನೆಯದಕ್ಕೆ ಕೊಟ್ಟರೆ ಬ್ಯಾಕ್ಟೀರಿಯಾಗಳಿಗೆ ಬಾಗಿಲು ತೆರೆದುಕೊಟ್ಟಂತೆ. ಹಾಗಾಗಿ ತುಂಡು ತೆಗೆದು ನಮ್ಮಂಥವರ ಬಳಿಗೆ ಕಳುಹಿಸುತ್ತಾರೆ.

ಆ ರೈತರು ವರದಿಯನ್ನು ಮೇಜಿನ ಮೇಲೆ ಹರವಿ ಕೇಳಿದರು: “ಎಲೆಗೆ ರೋಗ ಬಂತೆಂದರೆ ಒಂದು ಎಲೆ ಕಿತ್ತುಕೊಂಡು ಹೋಗಿ ಗೊಬ್ಬರದ ಅಂಗಡಿಯಲ್ಲಿ ತೋರಿಸುತ್ತೇವೆ ಮೇಡಂ. ಅವನು ನೋಡಿ ಇಂಥದ್ದೇ ಎನ್ನುತ್ತಾನೆ. ನೀವು ನನ್ನ ಮಗನ ಕರುಳನ್ನೇ ಕಿತ್ತು ನೋಡಿದ್ದೀರಿ. ಆದರೂ ಎರಡು ಹೆಸರು ಬರೆದಿದ್ದೀರಲ್ಲ?”

ಅಂಗಡಿಯವನು ಎಷ್ಟು ಸಲ ತಪ್ಪು ಔಷಧಿ ಕೊಟ್ಟಿದ್ದಾನೆ ಎಂದು ತಿರುಗಿ ಕೇಳಬಹುದಿತ್ತು. ಕೇಳಲಿಲ್ಲ. ಏಕೆಂದರೆ ಆ ವರದಿಯ ಬಗ್ಗೆ ನನಗೇ ಸಮಾಧಾನವಿರಲಿಲ್ಲ.

ಮೇಣದೊಳಗೆ

ಬಯಾಪ್ಸಿ ಎಂದರೆ ಜನ ದೊಡ್ಡ ಮಾಂಸದ ತುಂಡನ್ನು ಊಹಿಸಿಕೊಳ್ಳುತ್ತಾರೆ. ಕೊಲೊನೊಸ್ಕೋಪಿನ ಚಿಮುಟದ ಬಾಯಿಗೆ ಸಿಗುವುದು ಎರಡು ಮೂರು ಮಿಲಿಮೀಟರಿನ ಚೂರು, ಹೆಚ್ಚೆಂದರೆ ಒಂದು ಜೀರಿಗೆ ಕಾಳಿನ ಅರ್ಧ. ಫಾರ್ಮಲಿನ್‌ನಲ್ಲಿ ಗಟ್ಟಿಯಾಗಿ, ಆಲ್ಕೋಹಾಲಿನಲ್ಲಿ ನೀರು ಕಳೆದುಕೊಂಡು, ಝೈಲಿನ್ ದಾಟಿ, ಕರಗಿದ ಪ್ಯಾರಾಫಿನ್ ಮೇಣವನ್ನು ಕುಡಿದು ಅದು ಒಂದು ಬಿಳಿ ಬ್ಲಾಕಿನೊಳಗೆ ಕೂರುತ್ತದೆ. ನಮ್ಮ ಟೆಕ್ನಿಷಿಯನ್ ಅದನ್ನು ಮೈಕ್ರೋಟೋಮಿಗೆ ಕಚ್ಚಿಸಿ ನಾಲ್ಕು ಮೈಕ್ರಾನ್ ದಪ್ಪಕ್ಕೆ ಕೊಯ್ಯುತ್ತಾರೆ. ತಲೆಗೂದಲಿನ ದಪ್ಪದ ಹತ್ತನೇ ಒಂದು ಪಾಲೂ ಇಲ್ಲ. ಕೊಯ್ದ ಪದರು ಬೆಚ್ಚಗಿನ ನೀರಿನ ಮೇಲೆ ತೇಲುವಾಗ ಆ ಕೋಣೆಯಲ್ಲಿ ಯಾರೂ ಜೋರಾಗಿ ಉಸಿರಾಡುವುದಿಲ್ಲ, ಫ್ಯಾನ್ ಹಾಕುವುದಿಲ್ಲ. ಹುಬ್ಬಳ್ಳಿಯ ಏಪ್ರಿಲ್‌ನಲ್ಲಿ ಫ್ಯಾನಿಲ್ಲದೆ ಕೂರುವುದು ಹೇಗಿರುತ್ತದೆ ಎಂದು ಗೊತ್ತಿರುವವರಿಗೆ ಗೊತ್ತು. ಆಮೇಲೆ ಬಣ್ಣ. ಜೀವಕೋಶದ ಬೀಜವನ್ನು ನೀಲಿಯಾಗಿಸುವ ಹಿಮಟಾಕ್ಸಿಲಿನ್ ಮಧ್ಯ ಅಮೆರಿಕದ ಒಂದು ಮರದ ತಿರುಳಿನಿಂದ ಬರುತ್ತದೆ; ಉಳಿದದ್ದನ್ನೆಲ್ಲ ಇಯೋಸಿನ್ ಗುಲಾಬಿಯಾಗಿಸುತ್ತದೆ. ನನ್ನ ವೃತ್ತಿಯ ಲೋಕವಿಡೀ ಈ ಎರಡು ಬಣ್ಣಗಳದ್ದು.

ಈ ಎರಡು ಬಣ್ಣಗಳಲ್ಲಿ ನಾನು ಹುಡುಕುವುದು ಗ್ರ್ಯಾನ್ಯುಲೋಮಾ ಎಂಬ ಗಂಟನ್ನು. ದೇಹಕ್ಕೆ ಕೊಲ್ಲಲೂ ಆಗದ, ಹೊರಗೆ ಹಾಕಲೂ ಆಗದ ಏನೋ ಒಂದು ಸಿಕ್ಕಾಗ ಮ್ಯಾಕ್ರೋಫೇಜ್ ಎಂಬ ಜೀವಕೋಶಗಳು ಮೈಗೆ ಮೈ ಹಚ್ಚಿ ಅದರ ಸುತ್ತ ಕೂರುತ್ತವೆ. ಅವುಗಳ ಬೀಜಗಳು ಚಪ್ಪಲಿಯ ಅಟ್ಟೆಯ ಹಾಗೆ ನೀಳವಾಗುತ್ತವೆ. ಕೆಲವು ಒಂದರೊಳಗೊಂದು ಬೆರೆತು ದೈತ್ಯಕೋಶಗಳಾಗುತ್ತವೆ, ಅವುಗಳ ಬೀಜಗಳು ಅಂಚಿನಲ್ಲಿ ಕುದುರೆ ಲಾಳದಂತೆ ಸಾಲುಗಟ್ಟುತ್ತವೆ. 1868ರಲ್ಲಿ ಇದನ್ನು ವಿವರಿಸಿದ ಲ್ಯಾಂಗ್‌ಹಾನ್ಸ್‌ನ ಹೆಸರೇ ಅದಕ್ಕೆ ನಿಂತಿದೆ. ಆಗಿನ್ನೂ ಕ್ಷಯದ ಬ್ಯಾಕ್ಟೀರಿಯಾ ಪತ್ತೆಯಾಗಿರಲಿಲ್ಲ. ಜರ್ಮನಿಯ ವೈದ್ಯ ಕಾಖ್ ಅದನ್ನು ಬರ್ಲಿನ್ನಿನಲ್ಲಿ ಜಗತ್ತಿಗೆ ಸಾರಿದ್ದು 1882ರ ಮಾರ್ಚ್ 24ರಂದು. ಅಂದರೆ ಹದಿನಾಲ್ಕು ವರ್ಷ ಮೊದಲೇ ಕೋಟೆ ಕಂಡಿತ್ತು, ಶತ್ರು ಕಂಡಿರಲಿಲ್ಲ.

ತೊಂದರೆ ಇರುವುದು ಇಲ್ಲಿಯೇ. ಈ ಕೋಟೆಯನ್ನು ದೇಹ ಕ್ಷಯಕ್ಕೂ ಕಟ್ಟುತ್ತದೆ, ಕ್ರೋನ್ಸ್‌ಗೂ ಕಟ್ಟುತ್ತದೆ, ಸಾರ್ಕಾಯ್ಡೋಸಿಸ್‌ಗೂ ಕುಷ್ಠಕ್ಕೂ ಕಟ್ಟುತ್ತದೆ. ಹಳೆಯ ಹೊಲಿಗೆಯ ದಾರ ಒಳಗೆ ಉಳಿದಿದ್ದರೆ ಅದಕ್ಕೂ ಕಟ್ಟುತ್ತದೆ. ಗ್ರ್ಯಾನ್ಯುಲೋಮಾ ಇದೆ ಎಂದು ಹೇಳುವುದು ಊರಲ್ಲಿ ಪೊಲೀಸರು ಬಂದಿದ್ದಾರೆ ಎಂದಷ್ಟೇ ಹೇಳಿದಂತೆ. ಬಂದದ್ದು ಕಳ್ಳನಿಗೋ ಮಂತ್ರಿಗೋ ಗೊತ್ತಾಗಬೇಕಾದರೆ ಎಷ್ಟು ಜನ ಬಂದಿದ್ದಾರೆ, ಎಲ್ಲೆಲ್ಲಿ ನಿಂತಿದ್ದಾರೆ ಎಂದು ನೋಡಬೇಕು.

ನಾವು ನೋಡುವುದೂ ಅದನ್ನೇ. ಕ್ಷಯದ ಗಂಟುಗಳು ದೊಡ್ಡವು, ಹಲವು, ಒಂದಕ್ಕೊಂದು ಕೂಡಿಕೊಂಡವು. ಹುಣ್ಣಿನ ತಳದಲ್ಲಿ ಈ ಜೀವಕೋಶಗಳು ಪಟ್ಟಿಯಂತೆ ಹಾಸಿಕೊಂಡಿರುತ್ತವೆ. ನಡುವಿನ ಭಾಗ ಸತ್ತು ಪುಡಿಪುಡಿಯಾಗಿದ್ದರೆ ಅನುಮಾನ ಬಹುಪಾಲು ಮುಗಿದಂತೆಯೇ. ಅದನ್ನು ಪಠ್ಯಪುಸ್ತಕಗಳು ಗಿಣ್ಣಿಗೆ, ಅಂದರೆ ಅವರ ಚೀಸ್‌ಗೆ ಹೋಲಿಸುತ್ತವೆ. (ನಾವು ಓದುವಾಗ ನಮ್ಮ ತರಗತಿಯ ಮುಕ್ಕಾಲು ಜನ ಚೀಸ್ ಕಂಡವರಲ್ಲ. ನಮ್ಮ ಪ್ರೊಫೆಸರ್ ಕೊಯ್ದ ದುಗ್ಧಗ್ರಂಥಿಯೊಂದನ್ನು ಜಾಡಿಯಿಂದ ಎತ್ತಿ ತೋರಿಸಿ, ಮನೆಯಲ್ಲಿ ಆಕಳು ಈದಾಗ ನಿಮ್ಮವ್ವ ಮಾಡುವ ಗಿಣ್ಣು ನೆನೆಸಿಕೊಳ್ಳಿ ಎಂದರು. ನಾನು ಆರು ತಿಂಗಳು ಗಿಣ್ಣು ಮುಟ್ಟಲಿಲ್ಲ.) ಕ್ರೋನ್ಸ್‌ನಲ್ಲಿ ಗಂಟುಗಳು ಚಿಕ್ಕವು, ಬಿಡಿಬಿಡಿ, ಎಷ್ಟೋ ಸಲ ಅರೆಕಟ್ಟಿದ ಗುಡ್ಡೆಗಳಷ್ಟೇ. ಆದರೆ ಉರಿಯೂತ ಹುಣ್ಣಿರುವಲ್ಲಿ ಮಾತ್ರ ಇರುವುದಿಲ್ಲ; ಕಣ್ಣಿಗೆ ಸರಿಯಾಗಿಯೇ ಕಾಣುವ ದೂರದ ಕರುಳಿನಲ್ಲಿಯೂ ಚುಕ್ಕೆಚುಕ್ಕೆಯಾಗಿ ಹರಡಿರುತ್ತದೆ. ಇದನ್ನು ಅಳೆದು ಲೆಕ್ಕ ಹಾಕಿದವರು ನಮ್ಮ ಪಕ್ಕದವರೇ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು 1999ರಲ್ಲಿ ‘ಗಟ್’ ಎಂಬ ಪತ್ರಿಕೆಯಲ್ಲಿ ಎರಡೂ ಕಾಯಿಲೆಗಳ ತಲಾ 20 ರೋಗಿಗಳ ಬಯಾಪ್ಸಿಗಳನ್ನು ಎದುರುಬದುರು ಇಟ್ಟು ತೋರಿಸಿದರು. ಕ್ಷಯದ ಗಂಟಿನ ಸರಾಸರಿ ಅಗಲ 193 ಮೈಕ್ರಾನ್, ಕ್ರೋನ್ಸ್‌ನದು 95. ಎರಡು ಕಾಯಿಲೆಗಳೂ ಒಂದೇ ವಾರ್ಡಿನಲ್ಲಿ ಅಕ್ಕಪಕ್ಕ ಮಲಗಿರುವ ದೇಶದಲ್ಲಿ ಈ ಕೆಲಸ ಆಗಬೇಕಿತ್ತು, ಆಯಿತು.

ಸವಣೂರಿನ ಹುಡುಗನ ಆರು ತುಂಡುಗಳಲ್ಲಿ ನನಗೆ ಸಿಕ್ಕ ಗಂಟು ಒಂದೇ ಒಂದು. ಅಳೆದೆ. 140 ಮೈಕ್ರಾನ್. ನಡುವೆ ಸತ್ತ ಭಾಗವಿಲ್ಲ. ಕ್ಷಯದ ಬ್ಯಾಕ್ಟೀರಿಯಾವನ್ನು ಕೆಂಪಾಗಿಸುವ ಝೀಲ್–ನೀಲ್ಸನ್ ಬಣ್ಣ ಹಾಕಿಸಿ, ಎಣ್ಣೆಯ ಹನಿಯಿಟ್ಟು, ದೊಡ್ಡ ಮಸೂರದಡಿ ಮುಕ್ಕಾಲು ಗಂಟೆ ನೀಲಿ ಬಯಲಿನಲ್ಲಿ ಒಂದು ಕೆಂಪು ಕಡ್ಡಿಗಾಗಿ ತಡಕಾಡಿದೆ. ಸಿಗಲಿಲ್ಲ. ಸಿಗದಿದ್ದರೆ ಇಲ್ಲ ಎಂದರ್ಥವಲ್ಲ. ಕರುಳಿನ ಕ್ಷಯದಲ್ಲಿ ಬ್ಯಾಕ್ಟೀರಿಯಾಗಳ ಸಂಖ್ಯೆಯೇ ಕಡಿಮೆ, ಹೆಚ್ಚಿನ ಸಲ ಕಾಣುವುದೇ ಇಲ್ಲ. ಸಾಲದ್ದಕ್ಕೆ ಕ್ಷಯ ಬೀಡುಬಿಡುವುದು ಕರುಳಿನ ಒಳಪದರಿನ ಕೆಳಗೆ. ಚಿಮುಟ ಕಚ್ಚುವುದು ಮೇಲಿನದನ್ನು.

ನೀರಿನ ಬಾಟಲಿ

ಇಷ್ಟಕ್ಕೆ ದಾರಿ ಮುಚ್ಚಬೇಕಾಗಿರಲಿಲ್ಲ. ತುಂಡು ತೆಗೆಯುವಾಗಲೇ ಒಂದೆರಡನ್ನು ಫಾರ್ಮಲಿನ್‌ಗೆ ಹಾಕದೆ ಸಲೈನಿನಲ್ಲಿ ಇಟ್ಟು, ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್‌ಗೂ ಅದರ ಡಿಎನ್‌ಎಯನ್ನು ಹುಡುಕುವ ಜೀನ್‌ಎಕ್ಸ್‌ಪರ್ಟ್‌ಗೂ ಕಳುಹಿಸಬೇಕು. ಕ್ಷಯದ ಬ್ಯಾಕ್ಟೀರಿಯಾ ಬೆಳೆಯಲು ವಾರಗಟ್ಟಲೆ ಬೇಕು, ಆದರೆ ಬೆಳೆದರೆ ವಾದವೇ ಮುಗಿಯುತ್ತದೆ. ಜೊತೆಗೆ ಯಾವ ಔಷಧಿಗೆ ಅದು ಬಗ್ಗುತ್ತದೆ ಎಂಬುದೂ ತಿಳಿಯುತ್ತದೆ. ಈ ಹುಡುಗನ ಆರೂ ತುಂಡುಗಳು ಒಂದೇ ಬಾಟಲಿಯಲ್ಲಿ, ಫಾರ್ಮಲಿನ್‌ನಲ್ಲಿ ಬಂದಿದ್ದವು. ಫಾರ್ಮಲಿನ್ ಮುಟ್ಟಿದ ಮೇಲೆ ಯಾವ ಬ್ಯಾಕ್ಟೀರಿಯಾವೂ ಬದುಕುವುದಿಲ್ಲ. ಯಾವ ತುಂಡು ಹುಣ್ಣಿನದು, ಯಾವುದು ಅಂಚಿನದು, ಯಾವುದು ದೂರದ್ದು ಎಂದು ಬೇರೆ ಬೇರೆ ಬಾಟಲಿಗಳಲ್ಲಿ ಹಾಕಿರಲಿಲ್ಲ. ಎಲ್ಲವೂ ಕಲಸಿದ ಚಿತ್ರಾನ್ನ.

ಆ ಆಸ್ಪತ್ರೆಗೆ ಫೋನು ಮಾಡಿದೆ. ಎತ್ತಿಕೊಂಡ ನರ್ಸ್ ಪಾಪ ಪ್ರಾಮಾಣಿಕಳು. “ಮೇಡಂ, ಸಲೈನ್ ಬಾಟಲಿ ಇಡಿ ಎಂದು ಯಾರೂ ಹೇಳಲಿಲ್ಲ. ಬಯಾಪ್ಸಿ ಎಂದರೆ ನೀರಿನ ಬಾಟಲಿಗೆ ಹಾಕುವುದೇ ರೂಢಿ” ಎಂದಳು. ಅವರ ವಾರ್ಡಿನಲ್ಲಿ ಫಾರ್ಮಲಿನ್‌ಗೆ ನೀರು ಎನ್ನುತ್ತಾರೆ, ನೋಡಲು ನೀರಿನ ಹಾಗೆಯೇ ಇರುತ್ತದಲ್ಲ. ನಾನು ಸಿಟ್ಟಾಗಬೇಕಿದ್ದದ್ದು ಅವಳ ಮೇಲಲ್ಲ ಎಂದು ಫೋನ್ ಇಟ್ಟ ಮೇಲೆ ಹೊಳೆಯಿತು. ಕಳುಹಿಸುವ ಚೀಟಿಯಲ್ಲಿ ಕ್ಷಯದ ಅನುಮಾನವನ್ನು ಬರೆದಿದ್ದರೇ ಹೊರತು ಆ ಅನುಮಾನಕ್ಕೆ ತಕ್ಕಂತೆ ತುಂಡನ್ನು ಹಂಚಿರಲಿಲ್ಲ. ಇಂಥ ಚೀಟಿಗಳನ್ನು ವರ್ಷಗಳಿಂದ ನೋಡುತ್ತಿದ್ದರೂ ಒಂದು ಸಲ ಹೋಗಿ ಅಲ್ಲಿನ ಸಿಬ್ಬಂದಿಗೆ ಹೇಳಿಬರೋಣ ಎಂದು ನನಗೂ ಅನ್ನಿಸಿರಲಿಲ್ಲ. ನನ್ನ ಕೆಲಸ ಬಾಟಲಿ ನನ್ನ ಮೇಜಿಗೆ ಬಂದಮೇಲೆ ಶುರುವಾಗುತ್ತದೆ ಎಂದುಕೊಂಡಿದ್ದೆ.

ಆ ರೈತರಿಗೆ ಇದನ್ನೆಲ್ಲ ಹೇಳಿದೆನೇ? ಅರ್ಧ ಹೇಳಿದೆ. ತುಂಡು ಸಾಲಲಿಲ್ಲ, ಇನ್ನೊಮ್ಮೆ ತೆಗೆದರೆ ಒಳ್ಳೆಯದು ಎಂದೆ. ಹುಡುಗ ಹೊರಗಿನ ಬೆಂಚಿನಿಂದಲೇ ಒಲ್ಲೆ ಎಂದ. ಹೊಟ್ಟೆ ಖಾಲಿ ಮಾಡಿಸಲು ಕುಡಿಸುವ ಆ ಉಪ್ಪುನೀರನ್ನು ಎರಡು ಲೀಟರ್ ಕುಡಿದವರಿಗೆ ಅವನ ಒಲ್ಲೆ ಅರ್ಥವಾಗುತ್ತದೆ. ತಂದೆ ಬೇರೆಯದೇ ಮಾತು ತೆಗೆದರು. ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, “ಆ ಕ್ಷಯ ಎಂಬ ಮಾತನ್ನಾದರೂ ತೆಗೆದುಬಿಡಿ ಮೇಡಂ. ಮಗಳ ಮದುವೆ ಗೊತ್ತಾಗಿದೆ” ಎಂದರು.

ನನ್ನ ಅಜ್ಜಿ ಕೂಡ ಆ ಹೆಸರನ್ನು ಹೇಳುತ್ತಿರಲಿಲ್ಲ, ‘ಆ ಕಾಯಿಲೆ’ ಎನ್ನುತ್ತಿದ್ದಳು. ಮೈಸೂರಿನ ಕ್ಷಯರೋಗ ಆಸ್ಪತ್ರೆಗೆ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿದೆ. ಅರಮನೆಯನ್ನೂ ಬಿಡದ ಕಾಯಿಲೆಯನ್ನು ಊರು ಮಾತ್ರ ಬಡವರ ಮೇಲೆ ಹೊರಿಸಿ ಕೂತಿದೆ. ಕರುಳಿನ ಕ್ಷಯ ಕೆಮ್ಮಿನಿಂದ ಹರಡುವುದಿಲ್ಲ, ಹುಡುಗನ ಎದೆಯ ಎಕ್ಸ್‌ರೇ ಸ್ವಚ್ಛವಿದೆ, ಮನೆಯವರಿಗೆ ಭಯವಿಲ್ಲ ಎಂದು ವಿವರಿಸಿದೆ. ಅವರು ತಲೆಯಾಡಿಸಿದರು. ಆದರೆ ಕ್ಷಯವೆಂದು ಚಿಕಿತ್ಸೆ ಶುರುವಾದರೆ ಸರ್ಕಾರಕ್ಕೆ ತಿಳಿಸಲೇಬೇಕು, ಹೆಸರು ನಿಕ್ಷಯ್ ಪಟ್ಟಿಗೆ ಹೋಗುತ್ತದೆ, ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾಳೆ, ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗಿಷ್ಟು ಹಣ ಖಾತೆಗೆ ಬೀಳುತ್ತದೆ. ಆಶಾ ಯಾರ ಮನೆಗೆ ಏಕೆ ಬಂದಳು ಎಂಬುದು ಹಳ್ಳಿಯಲ್ಲಿ ಗುಟ್ಟಾಗಿ ಉಳಿಯುವುದಿಲ್ಲ. ಅವರ ಲೆಕ್ಕ ತಪ್ಪಾಗಿರಲಿಲ್ಲ. ನಾನು ಮಾತನ್ನು ತೆಗೆಯಲಿಲ್ಲ.

ಎರಡು ತಿಂಗಳು

ಅನುಮಾನ ಉಳಿದಾಗ ನಮ್ಮಲ್ಲಿ ಮೊದಲು ಕ್ಷಯದ ಮಾತ್ರೆಗಳನ್ನೇ ಕೊಡುವುದು ವಾಡಿಕೆ. ಕಾರಣ ಸರಳ. ಇದ್ದದ್ದು ಕ್ರೋನ್ಸ್ ಆಗಿ ಮಾತ್ರೆ ಕೊಟ್ಟರೆ ಕೆಲವು ತಿಂಗಳು ಹಾಳು. ಇದ್ದದ್ದು ಕ್ಷಯವಾಗಿ ಸ್ಟೀರಾಯ್ಡ್ ಕೊಟ್ಟರೆ ಜೀವಕ್ಕೇ ಅಪಾಯ. ಪುಸ್ತಕಗಳು ಇದನ್ನು ಪ್ರಯೋಗ ಎಂದು ಕರೆಯುತ್ತವೆ. ಹಾಳಾಗುವ ತಿಂಗಳುಗಳೇನೂ ಪುಕ್ಕಟೆಯಲ್ಲ ಎಂದು ಮಾತ್ರ ಹೇಳಬೇಕು. ನಾಲ್ಕು ಮಾತ್ರೆಗಳು ಯಕೃತ್ತನ್ನು ಕಾಡಬಹುದು. ಅಷ್ಟರಲ್ಲಿ ಕ್ರೋನ್ಸ್ ತನ್ನ ಪಾಡಿಗೆ ತಾನು ಕರುಳನ್ನು ಕಿರಿದಾಗಿಸುತ್ತ ಹೋಗಬಹುದು. ಆದರೂ ಆ ವೈದ್ಯರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಹುಡುಗನಿಗೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು, ಆ ಮಾತ್ರೆಗಳಲ್ಲೊಂದಾದ ರಿಫಾಂಪಿಸಿನ್ ಮಾಡುವುದೇ ಹಾಗೆ. ಜ್ವರ ನಿಂತಿತು. ಮೂರು ಕಿಲೋ ತೂಕ ಏರಿತು. ತಂದೆ ಎರಡು ಕಟ್ಟು ವೀಳ್ಯದೆಲೆ ಹಿಡಿದುಕೊಂಡು ಲ್ಯಾಬಿಗೆ ಬಂದರು. ಊರವರ ಬಾಯಿ ಅಷ್ಟರಲ್ಲಿ ತಣ್ಣಗಾಗಿತ್ತು, ಮದುವೆಯೂ ಮುರಿದಿರಲಿಲ್ಲ. ಬೀಗರ ಮನೆಯಲ್ಲಿಯೂ ಹಿಂದೊಬ್ಬರು ಇದೇ ಮಾತ್ರೆ ತಿಂದು ಗುಣವಾಗಿದ್ದರಂತೆ. “ಕ್ಷಯವೇ ಇತ್ತು ನೋಡಿ ಮೇಡಂ. ಇನ್ನು ನಾಲ್ಕು ತಿಂಗಳು, ಮುಗಿಯಿತು” ಎಂದರು.

ಆ ವಾರವೇ ಎರಡನೆಯ ಕೊಲೊನೊಸ್ಕೋಪಿ ಆಯಿತು. ಹುಡುಗನನ್ನು ಹೇಗೆ ಒಪ್ಪಿಸಿದರೋ ತಿಳಿಯದು. ಹುಣ್ಣುಗಳು ಇದ್ದಲ್ಲಿಯೇ ಇದ್ದವು. ಒಂದೂ ಮಾಗಿರಲಿಲ್ಲ. ಕ್ಷಯವಾಗಿದ್ದರೆ ಇಷ್ಟು ಹೊತ್ತಿಗೆ ಹುಣ್ಣು ಮಾಗುವ ದಾರಿ ಹಿಡಿದಿರಬೇಕು. ಮೈಗೆ ಸುಖವೆನಿಸುವುದು ಬೇರೆ, ಕರುಳು ಮಾಗುವುದು ಬೇರೆ. ಕ್ರೋನ್ಸ್ ಇದ್ದವರಿಗೂ ಈ ಮಾತ್ರೆಗಳಿಂದ ಕೆಲಕಾಲ ಹಗುರವೆನಿಸುವುದುಂಟು. ಈ ಸಲ ತುಂಡುಗಳು ಐದು ಬಾಟಲಿಗಳಲ್ಲಿ ಬಂದಿದ್ದವು, ಒಂದೊಂದರ ಮೇಲೂ ಜಾಗದ ಹೆಸರು. ಎರಡು ತುಂಡುಗಳು ಸಲೈನಿನಲ್ಲಿ ಬೇರೆಡೆಗೆ ಹೋಗಿದ್ದವು. ಅವುಗಳಲ್ಲಿ ಏನೂ ಬೆಳೆಯಲಿಲ್ಲ. ಆದರೆ ಎರಡು ತಿಂಗಳು ಮಾತ್ರೆ ತಿಂದ ಮೇಲಿನ ಆ ಮೌನಕ್ಕೆ ಬೆಲೆಯೆಷ್ಟು? ಬೆಳೆಯಬೇಕಿದ್ದದ್ದು ಬೆಳೆಯಬಹುದಾಗಿದ್ದ ದಿನ ಅದೆಲ್ಲ ಒಂದೇ ಬಾಟಲಿಯ ಫಾರ್ಮಲಿನ್‌ನಲ್ಲಿ ಮುಳುಗಿತ್ತು. ಔಷಧಿಗೆ ಬಗ್ಗದ ಕ್ಷಯವೂ ಹೀಗೆಯೇ ಮಾಗದೆ ಉಳಿಯುತ್ತದೆ ಎಂಬುದನ್ನೂ ಮರೆಯುವಂತಿರಲಿಲ್ಲ.

ನನಗೆ ದಾರಿ ತೋರಿಸಿದ್ದು ನಾಲ್ಕನೆಯ ಬಾಟಲಿ. ಎಡಗಡೆಯ ದೊಡ್ಡ ಕರುಳು, ಕೊಲೊನೊಸ್ಕೋಪಿಯಲ್ಲಿ ಏನೂ ತೊಂದರೆ ಕಾಣದ ಜಾಗ. ಅಲ್ಲಿ ಉರಿಯೂತ ಚುಕ್ಕೆಚುಕ್ಕೆಯಾಗಿ ಬಿದ್ದಿತ್ತು, ಹುಲ್ಲುಗಾವಲಿನಲ್ಲಿ ಅಲ್ಲೊಂದು ಇಲ್ಲೊಂದು ಬೆಂಕಿ ತಾಗಿದ ಹಾಗೆ. ನಡುವಿನ ಗ್ರಂಥಿಗಳು ನೆಟ್ಟಗಿರುವ ಬದಲು ಕವಲೊಡೆದಿದ್ದವು. ಒಂದು ಕಡೆ ಅರೆಕಟ್ಟಿದ ಪುಟ್ಟ ಗುಡ್ಡೆ. ಹುಣ್ಣಿನಿಂದ ಅಷ್ಟು ದೂರದಲ್ಲಿ ಅದಕ್ಕೆ ಕೆಲಸವಿರಲಿಲ್ಲ.

1913ರಲ್ಲಿ ಗ್ಲಾಸ್ಗೋ ನಗರದ ಡಾಲ್ಜಿಯೆಲ್ ಎಂಬ ಶಸ್ತ್ರವೈದ್ಯ ಇಂಥದೇ ಕರುಳುಗಳನ್ನು ವಿವರಿಸಿದ್ದ. ನೋಡಲು ಕ್ಷಯದ ಹಾಗೆ, ದನಗಳಿಗೆ ಬರುವ ಯೋನೆ ಕಾಯಿಲೆಯ ಹಾಗೆ, ಆದರೆ ಬ್ಯಾಕ್ಟೀರಿಯಾ ಸಿಗಲಿಲ್ಲ ಎಂದು ಬರೆದ. 1932ರಲ್ಲಿ ನ್ಯೂಯಾರ್ಕಿನಲ್ಲಿ ಕ್ರೋನ್, ಗಿನ್ಸ್‌ಬರ್ಗ್ ಮತ್ತು ಒಪೆನ್‌ಹೈಮರ್ ಅದನ್ನು ಕ್ಷಯದಿಂದ ಬೇರೆಯೇ ಆದ ಕಾಯಿಲೆಯೆಂದು ನಿಲ್ಲಿಸಿದರು. ವರ್ಣಮಾಲೆಯಲ್ಲಿ ಮೊದಲು ಬಂದವನ ಹೆಸರು ಕಾಯಿಲೆಗೆ ಅಂಟಿಕೊಂಡಿತು. ಅಂದರೆ ಈ ಕಾಯಿಲೆ ಹುಟ್ಟಿದ್ದೇ ‘ಕ್ಷಯವಲ್ಲ’ ಎಂಬ ಮಾತಿನಿಂದ. ಹಾಗೆ ಹೇಳುವ ಧೈರ್ಯ ಕ್ಷಯ ಕಡಿಮೆಯಾಗುತ್ತಿದ್ದ ಊರುಗಳಲ್ಲಿ ಬೇಗ ಬರುತ್ತದೆ, ನಮ್ಮಲ್ಲಿ ನಿಧಾನವಾಗಿ.

ಕ್ರೋನ್ಸ್ ಕಡೆಗೆ ಹೆಚ್ಚು ಒಲವು ಎಂದು ಬರೆದೆ. ಅಭ್ಯಾಸಬಲದಿಂದ ಎರಡಕ್ಷರ ಒತ್ತಿದೆ, ಆ ಸಾಲು ಬಂದು ಕೂತಿತು. ಅಳಿಸಿದೆ. ಅದರ ಜಾಗದಲ್ಲಿ ಮೂರು ವಾಕ್ಯ ಬರೆದೆ: ಯಾವ ಬಾಟಲಿಯಲ್ಲಿ ಏನು ಕಂಡಿತು, ಮೊದಲ ಬಯಾಪ್ಸಿಯಿಂದ ಏನನ್ನು ಹೇಳಲಾಗಲಿಲ್ಲ, ಯಾವುದು ಕಂಡರೆ ನಾನು ಈ ಮಾತನ್ನು ಬದಲಿಸುತ್ತೇನೆ. ಹಳೆಯ ಸಾಲು ಸುಳ್ಳಲ್ಲ. ಒಳ್ಳೆಯ ವೈದ್ಯರಿಗೆ ಅದು ಬೇಕು ಕೂಡ. ಆದರೆ ನಾನು ಅದರ ಹಿಂದೆ ನಿಂತು ಎಷ್ಟು ಸಲ ಬೆವರೊರೆಸಿಕೊಂಡಿದ್ದೇನೆ ಎಂಬುದು ಆವತ್ತು ಗೊತ್ತಾಯಿತು. ಅನುಮಾನವನ್ನು ಬಿಡಿಸಿ ಬರೆಯುವುದಕ್ಕೆ ಹತ್ತು ನಿಮಿಷ ಬೇಕು, ಗುಂಡಿ ಒತ್ತುವುದಕ್ಕೆ ಒಂದು ಕ್ಷಣ.

ತಂದೆ ಬಂದರು. ಈ ಸಲ ಎಲೆಯಿಲ್ಲ. ಜೀವನವಿಡೀ ಔಷಧಿ ಬೇಕಾಗಬಹುದು ಎಂದು ಹೊಟ್ಟೆಯ ವೈದ್ಯರು ಹೇಳಿದ್ದರು. ನಾಲ್ಕು ತಿಂಗಳಿಗೆ ಮುಗಿಯಬೇಕಿದ್ದ ಲೆಕ್ಕಕ್ಕೆ ಈಗ ಕೊನೆಯೇ ಇರಲಿಲ್ಲ. “ಕ್ಷಯವೆಂದೇ ಬರೆದುಕೊಡಿ ಮೇಡಂ” ಎಂದರು. ಬಾಗಿಲು ತೆರೆದೇ ಇತ್ತು, ದನಿಯನ್ನೂ ತಗ್ಗಿಸಲಿಲ್ಲ.

ನಾನು ಏನು ಹೇಳಿದೆನೋ ಸರಿಯಾಗಿ ನೆನಪಿಲ್ಲ. ಬೆಂಗಳೂರಿನಲ್ಲಿ ಇನ್ನೊಬ್ಬರಿಗೆ ತೋರಿಸಿ ಯಜಮಾನರೇ, ಸ್ಲೈಡುಗಳನ್ನೂ ಬ್ಲಾಕುಗಳನ್ನೂ ಕೊಡುತ್ತೇನೆ, ಅದು ನಿಮ್ಮ ಹಕ್ಕು ಎಂದೆ. ಮೇ ತಿಂಗಳು. ಬಸ್ಸಿನ ಬಿಸಿಲಿಗೆ ಮೇಣ ಮೆತ್ತಗಾದೀತು, ತಂಪಾಗಿ ಹಿಡಿದುಕೊಳ್ಳಿ ಎಂದೂ ಹೇಳಿದೆ. ಅವರು ಚೀಲದಿಂದ ಒದ್ದೆ ಗೋಣಿಯ ತುಂಡು ತೆಗೆದರು. ಒಳಗೆ ಒಂದು ಬಾಳೆಲೆ ಹಾಸಿ, ಬ್ಲಾಕಿನ ಡಬ್ಬಿಯನ್ನು ಇಟ್ಟು ಮಡಿಸಿ, ಬಾಳೆನಾರಿನಿಂದ ಎರಡು ಸುತ್ತು ಬಿಗಿದರು. ಎಲೆಯ ಕಟ್ಟು ಹುಬ್ಬಳ್ಳಿಯಿಂದ ಮುಂಬೈಗೆ ಬಾಡದೆ ಹೋಗುವುದು ಹೀಗೆಯೇ. ನಮ್ಮ ಟೆಕ್ನಿಷಿಯನ್ ಮೈಕ್ರೋಟೋಮ್ ನಿಲ್ಲಿಸಿ ನೋಡುತ್ತ ಕೂತಿದ್ದರು.

ತಿಂಗಳ ಮೇಲೆ ಡಬ್ಬಿ ಹಿಂದಿರುಗಿತು. ಬೆಂಗಳೂರಿನವರೂ ಕ್ರೋನ್ಸ್ ಎಂದೇ ಹೇಳಿದ್ದರು. ವರದಿಯ ಕೊನೆಯಲ್ಲಿ ನನಗೆ ಪರಿಚಯದ ಆ ಒಂದು ಸಾಲಿತ್ತು. ಮೊದಲ ಬಯಾಪ್ಸಿಯ ಬ್ಲಾಕನ್ನು ಅವರು ಆಳಕ್ಕೆ ಕೊಯ್ದು ನೋಡಿದ್ದಾರೆ. ತುಂಡು ಇದ್ದ ಜಾಗದಲ್ಲಿ ಈಗ ಒಂದು ಗೆರೆಯಷ್ಟು ಉಳಿದಿದೆ, ಇನ್ನು ಎರಡು ಕೊಯ್ತ ಕೊಟ್ಟರೆ ಬರೀ ಮೇಣ. ಡಬ್ಬಿಗೆ ಬಾಳೆನಾರು ಇನ್ನೂ ಸುತ್ತಿತ್ತು, ಒಣಗಿ ಕಂದಾಗಿತ್ತು. ಹಾಗೆಯೇ ಕಪಾಟಿನಲ್ಲಿಡೋಣವೇ ಎಂದು ಟೆಕ್ನಿಷಿಯನ್ನರನ್ನು ಕೇಳಿದೆ. ಜಿರಳೆ ಬರುತ್ತವೆ ಮೇಡಂ ಎಂದು ಅವರು ಕತ್ತರಿಯಿಂದ ನಾರನ್ನು ಕತ್ತರಿಸಿ, ನಂಬರ್ ನೋಡಿ, ಬ್ಲಾಕನ್ನು ಅದರ ಸಾಲಿಗೆ ಸೇರಿಸಿದರು.